ಡಿ.ಒ. ಪದವೀಧರರ ಲೈಸೆನ್ಸ್ ಅರ್ಜಿ: ಫೈಲು ನಿಲ್ಲುವುದು ಎಲ್ಲಿ, ಯಾಕೆ

ಅಮೆರಿಕದಲ್ಲಿ ಡಾಕ್ಟರಿಗೆ ಲೈಸೆನ್ಸ್ ಕೊಡುವುದು ಕೇಂದ್ರ ಸರ್ಕಾರವಲ್ಲ, ಆಯಾ ರಾಜ್ಯದ ಬೋರ್ಡು. ಎಂ.ಡಿ. ಅಲ್ಲದೆ ಆಸ್ಟಿಯೋಪಥಿ ಕಾಲೇಜಿನಲ್ಲಿ ಓದಿ ಡಾಕ್ಟರಾದ ನಮ್ಮಂಥ ಡಿ.ಒ.ಗಳಿಗೆ ಇದರ ಮೇಲೆ ಇನ್ನೊಂದು ಸುತ್ತು ಇದೆ. ಕ್ಯಾಲಿಫೋರ್ನಿಯಾ, ಫ್ಲೋರಿಡಾ, ಮಿಷಿಗನ್, ಪೆನ್ಸಿಲ್ವೇನಿಯಾ, ಒಕ್ಲಹೋಮ, ನೆವಾಡಾ, ಅರಿಜೋನಾ, ಟೆನೆಸಿಯಂಥ ಕೆಲವು ರಾಜ್ಯಗಳಲ್ಲಿ ಎಂ.ಡಿ.ಗಳಿಗೆ ಒಂದು ಬೋರ್ಡು, ಡಿ.ಒ.ಗಳಿಗೆ ಬೇರೆಯದೇ ಬೋರ್ಡು. ಟೆಕ್ಸಾಸ್, ಓಹಾಯೋ, ಇಲಿನಾಯ್‌ಗಳಲ್ಲಿ ಎರಡಕ್ಕೂ ಒಂದೇ. ಡಿ.ಒ.ಗಳನ್ನು ಡಾಕ್ಟರೆಂದು ಒಪ್ಪಬೇಕೇ ಎಂಬ ಹಳೆಯ ಜಗಳದ ಗುರುತು ಇದು. 1896ರಲ್ಲಿ ವರ್ಮಾಂಟ್ ಡಿ.ಒ.ಗಳನ್ನು ಒಪ್ಪಿತು, ಮಿಸಿಸಿಪ್ಪಿ ಒಪ್ಪುವ ಹೊತ್ತಿಗೆ 1973 ಆಗಿತ್ತು. ಕ್ಯಾಲಿಫೋರ್ನಿಯಾ 1962ರಲ್ಲಿ ಹೊಸ ಡಿ.ಒ.ಗಳಿಗೆ ಬಾಗಿಲನ್ನೇ ಮುಚ್ಚಿ, 1974ರಲ್ಲಿ ಕೋರ್ಟು ಹೇಳಿದ ಮೇಲೆ ತೆರೆಯಿತು.

ಹೀಗಾಗಿ ಜೊತೆಗೆ ರೆಸಿಡೆನ್ಸಿ (ಪದವಿಯ ನಂತರದ ಆಸ್ಪತ್ರೆ ತರಬೇತಿ) ಮಾಡಿದ ಎಂ.ಡಿ. ಗೆಳೆಯನ ಚೆಕ್‌ಲಿಸ್ಟ್ ಇಟ್ಟುಕೊಂಡು ಹೊರಡಬೇಡಿ. ಒಂದೇ ರಾಜ್ಯದ ಎರಡು ಬೋರ್ಡುಗಳ ನಡುವೆ ತರಬೇತಿಯ ವರ್ಷ, ಫೀಸು, ಕಡ್ಡಾಯ ಕೋರ್ಸು ಎಲ್ಲವೂ ಬೇರೆಯಾಗಿರಬಹುದು. ನಾನು ಯಾವ ರಾಜ್ಯದ ಅರ್ಜಿ ಹಿಡಿದರೂ ಮೊದಲು ಆ ಬೋರ್ಡಿನ ನಿಯಮಾವಳಿಯನ್ನೇ ತೆಗೆದು ನಾಲ್ಕು ಸಂಗತಿ ಬರೆದುಕೊಳ್ಳುತ್ತೇನೆ: ಎಷ್ಟು ವರ್ಷದ ರೆಸಿಡೆನ್ಸಿ ಬೇಕು, ಪರೀಕ್ಷೆಗೆ ಎಷ್ಟು ಪ್ರಯತ್ನ, ಎಷ್ಟು ವರ್ಷದೊಳಗೆ ಸರಣಿ ಮುಗಿಯಬೇಕು, ದಾಖಲೆ ಯಾವ ದಾರಿಯಲ್ಲಿ ಬರಬೇಕು. ಉಳಿದದ್ದೆಲ್ಲ ಫಾರ್ಮಿನಲ್ಲೇ ಕಾಣುತ್ತದೆ.

ಪರೀಕ್ಷೆ ಎಂದರೆ ಕಾಮ್ಲೆಕ್ಸ್, ಡಿ.ಒ.ಗಳ ಲೈಸೆನ್ಸ್ ಪರೀಕ್ಷೆ. ಲೆವೆಲ್ 1, ಲೆವೆಲ್ 2-ಸಿ.ಇ., ಲೆವೆಲ್ 3. ಮೊದಲ ಎರಡಕ್ಕೆ ಪಾಸಾಗಲು 400 ಅಂಕ, ಮೂರನೆಯದಕ್ಕೆ 350. ಲೆವೆಲ್ 1ರಲ್ಲಿ 2022ರಿಂದ ಅಂಕ ತೋರಿಸುವುದಿಲ್ಲ, ಪಾಸು ಫೇಲು ಅಷ್ಟೇ. ರೋಗಿಯ ಪಾತ್ರಧಾರಿಗಳ ಎದುರು ಮಾಡುತ್ತಿದ್ದ ಲೆವೆಲ್ 2-ಪಿ.ಇ. 2021ರಲ್ಲಿ ನಿಂತಿತು, 2022ರಲ್ಲಿ ಪೂರ್ತಿ ಕೈಬಿಟ್ಟರು. ಅದರ ಬದಲು ಈಗ ಕಾಲೇಜೇ ಕ್ಲಿನಿಕಲ್ ಕೌಶಲಕ್ಕೆ ದೃಢೀಕರಣ ಕೊಡುತ್ತದೆ. ಹಳೆಯ ಚೆಕ್‌ಲಿಸ್ಟ್‌ಗಳಲ್ಲಿ ಪಿ.ಇ. ಇನ್ನೂ ಉಳಿದಿರುತ್ತದೆ, ಗಾಬರಿ ಬೇಡ.

ಕಾಮ್ಲೆಕ್ಸ್ ಅನ್ನು ಎಲ್ಲ 50 ರಾಜ್ಯಗಳೂ ಒಪ್ಪುತ್ತವೆ. ತೊಡಕು ಬರುವುದು ಬೆರಕೆ ಮಾಡಿದಾಗ. ರೆಸಿಡೆನ್ಸಿ ಸೀಟಿಗಾಗಿ ನಮ್ಮಲ್ಲಿ ತುಂಬ ಮಂದಿ ಎಂ.ಡಿ.ಗಳ ಪರೀಕ್ಷೆಯಾದ ಯು.ಎಸ್.ಎಂ.ಎಲ್.ಇ.ಯ ಸ್ಟೆಪ್‌ಗಳನ್ನೂ ಬರೆಯುತ್ತಾರೆ, ಅದರಲ್ಲಿ ತಪ್ಪಿಲ್ಲ. ಆದರೆ ಲೆವೆಲ್ 1 ಮತ್ತು 2 ಮುಗಿಸಿ, ಮೂರನೆಯದಕ್ಕೆ ಸ್ಟೆಪ್ 3 ಬರೆದರೆ ಸಾಲುತ್ತದೆ ಎಂದುಕೊಳ್ಳಬೇಡಿ. ಒಂದು ಸರಣಿ ಮೊದಲಿಂದ ಕೊನೆಯವರೆಗೆ ಒಂದೇ ಇರಬೇಕು ಎಂದು ಕೇಳುವ ಬೋರ್ಡುಗಳೇ ಹೆಚ್ಚು. ಲೆವೆಲ್ 1, 2 ಇಲ್ಲದೆ ಡಿ.ಒ. ಪದವಿಯೇ ಸಿಗುವುದಿಲ್ಲ, ಹಾಗಾಗಿ ಲೆವೆಲ್ 3 ಬರೆಯುವುದೇ ನೇರ ದಾರಿ.

ಪ್ರಯತ್ನದ ಲೆಕ್ಕದಲ್ಲೂ ಒಂದು ಬಲೆ ಇದೆ. ಪರೀಕ್ಷೆ ನಡೆಸುವ ಎನ್.ಬಿ.ಒ.ಎಂ.ಇ. ಒಂದೊಂದು ಲೆವೆಲ್‌ಗೆ ನಾಲ್ಕು ಪ್ರಯತ್ನ ಕೊಡುತ್ತದೆ. ನಾಲ್ಕನೆಯದರಲ್ಲಿ ಪಾಸಾದರೆ ಅವರ ಮಟ್ಟಿಗೆ ಪಾಸು. ಆದರೆ ಟೆಕ್ಸಾಸ್ ಮೂರಕ್ಕೇ ಗೆರೆ ಎಳೆದಿದೆ, ಒಂದು ರಾಜ್ಯದ ಲೈಸೆನ್ಸ್ ಆಧಾರದಲ್ಲಿ ಬೇರೆ ರಾಜ್ಯಗಳದ್ದನ್ನೂ ಪಡೆಯುವ ಅಂತರರಾಜ್ಯ ಒಪ್ಪಂದದ ದಾರಿಗೂ ಮೂರೇ ಮಿತಿ. ಎರಡನೇ ಸಲವೂ ಕೈಕೊಟ್ಟಿದ್ದರೆ, ಮೂರನೆಯದಕ್ಕೆ ದಿನಾಂಕ ಹಿಡಿಯುವ ಮೊದಲು ಮುಂದೆ ಯಾವ ರಾಜ್ಯದಲ್ಲಿ ನೆಲೆಸುವ ಮನಸ್ಸಿದೆಯೋ ಅಲ್ಲಿನ ನಿಯಮ ಓದಿ. ಲೆವೆಲ್ 3 ಎರಡು ದಿನದ ಪರೀಕ್ಷೆ, ಇಂಟರ್ನ್ ವರ್ಷದ (ರೆಸಿಡೆನ್ಸಿಯ ಮೊದಲ ವರ್ಷ) ಎರಡನೇ ಅರ್ಧದಲ್ಲಿ, ರಾತ್ರಿ ಪಾಳಿ ಇಲ್ಲದ ತಿಂಗಳು ನೋಡಿ ಬರೆಯುವುದು ಒಳ್ಳೆಯದು. ಮುಂದಕ್ಕೆ ಹಾಕಿದಷ್ಟೂ ಓದಿದ್ದು ಮರೆಯುತ್ತದೆ. ಪೂರ್ಣ ಲೈಸೆನ್ಸೂ, ಅದನ್ನು ನಂಬಿಕೊಂಡ ಮೂನ್‌ಲೈಟಿಂಗೂ (ತರಬೇತಿಯ ಜೊತೆಗೆ ಮಾಡುವ ಹೆಚ್ಚುವರಿ ಸಂಬಳದ ಕೆಲಸ) ಹಿಂದೆ ಬೀಳುತ್ತವೆ.

ಇನ್ನು ದಾಖಲೆ. ಬೋರ್ಡಿಗೆ ಬೇಕಾದ್ದರಲ್ಲಿ ನಿಮ್ಮ ಕೈಯಿಂದ ಹೋಗುವುದು ಸ್ವಲ್ಪವೇ. ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್, ರೆಸಿಡೆನ್ಸಿಯ ದೃಢೀಕರಣ, ಕಾಮ್ಲೆಕ್ಸ್ ಫಲಿತಾಂಶ, ಬೇರೆ ರಾಜ್ಯಗಳಲ್ಲಿ ಇದ್ದ ಟ್ರೇನಿಂಗ್ ಲೈಸೆನ್ಸಿನ ವಿವರ, ಇವೆಲ್ಲ ಕೊಟ್ಟವರಿಂದಲೇ ನೇರವಾಗಿ ಬೋರ್ಡಿಗೆ ಹೋಗಬೇಕು. ನೀವೇ ತೆಗೆದು ಕಳಿಸಿದ ಪ್ರತಿಗೆ ಬೆಲೆಯಿಲ್ಲ. ಇದನ್ನೆಲ್ಲ ಒಮ್ಮೆ ಒಟ್ಟುಮಾಡಿ ಇಟ್ಟುಕೊಳ್ಳುವ ಸೇವೆ ಎಫ್.ಸಿ.ವಿ.ಎಸ್., ರಾಜ್ಯ ಬೋರ್ಡುಗಳ ಒಕ್ಕೂಟದ್ದು. ಕೆಲವು ರಾಜ್ಯಗಳಲ್ಲಿ ಕಡ್ಡಾಯ, ಉಳಿದೆಡೆ ಐಚ್ಛಿಕ. ಒಂದೇ ಲೈಸೆನ್ಸು ಸಾಕು ಎನ್ನುವವರಿಗೆ ಅದರ ಖರ್ಚು ಗಿಟ್ಟದೇ ಇರಬಹುದು. ಎರಡು ಮೂರು ರಾಜ್ಯಕ್ಕೆ ಹೋಗುವ ಯೋಚನೆ ಇದ್ದರೆ ರೆಸಿಡೆನ್ಸಿ ಮುಗಿಯುವ ವರ್ಷದಲ್ಲೇ ಮಾಡಿಸಿಡಿ. ಆಗ ಪ್ರೋಗ್ರಾಂ ಡೈರೆಕ್ಟರ್ ಇನ್ನೂ ಅಲ್ಲೇ ಇರುತ್ತಾರೆ, ಕೋಆರ್ಡಿನೇಟರ್‌ಗೆ ನಿಮ್ಮ ಮುಖ ನೆನಪಿರುತ್ತದೆ. ಆಸ್ಪತ್ರೆ ಮುಚ್ಚಿಹೋಗುವುದೂ ಉಂಟು. ಫಿಲಡೆಲ್ಫಿಯಾದ ಹಾನಮನ್ ಆಸ್ಪತ್ರೆ 2019ರಲ್ಲಿ ಮುಚ್ಚಿದಾಗ ಅಲ್ಲಿದ್ದ ರೆಸಿಡೆಂಟ್‌ಗಳೆಲ್ಲ ಬೇರೆ ಬೇರೆ ಊರಿಗೆ ಚದುರಿದರು.

ಹೆಸರಿನ ವಿಷಯ ನಮ್ಮ ಕಡೆಯವರಿಗೆ ವಿಶೇಷ ತಲೆನೋವು. ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗಿದ್ದು, ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿಕೊಂಡು ಲಾಸ್ಟ್ ನೇಮ್ ಆಗಿ, ಡಿಪ್ಲೊಮಾದಲ್ಲಿ ಮತ್ತೊಂದು ಕ್ರಮದಲ್ಲಿ ಬಂದಿರುತ್ತದೆ. ಕಾಲೇಜು, ಎನ್.ಬಿ.ಒ.ಎಂ.ಇ., ಪಾಸ್‌ಪೋರ್ಟು, ಸೋಷಿಯಲ್ ಸೆಕ್ಯುರಿಟಿ ಕಾರ್ಡು, ಈ ನಾಲ್ಕರಲ್ಲೂ ಅಕ್ಷರಕ್ಕೆ ಅಕ್ಷರ ಒಂದೇ ಇರುವಂತೆ ಪದವಿ ಮುದ್ರಣಕ್ಕೆ ಹೋಗುವ ಮೊದಲೇ ಸರಿಮಾಡಿಸಿ. ಆಮೇಲಾದರೆ ಎರಡೂ ಹೆಸರು ಒಬ್ಬರದೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿ ಪ್ರತಿ ಅರ್ಜಿಗೂ ಲಗತ್ತಿಸುತ್ತಾ ಇರಬೇಕು.

ಬೆರಳಚ್ಚು ಚಿಕ್ಕ ಕೆಲಸ, ಆದರೆ ತಿಂಗಳು ನುಂಗುತ್ತದೆ. ದಿನವಿಡೀ ಸ್ಯಾನಿಟೈಸರ್ ತಿಕ್ಕುವ ಕೈಯ ಗೆರೆ ಒಣಗಿ ಸವೆದಿರುತ್ತದೆ, ಅಚ್ಚು ಸ್ಪಷ್ಟವಿಲ್ಲವೆಂದು ಕಾರ್ಡು ವಾಪಸ್ ಬರುತ್ತದೆ. ಎರಡು ದಿನ ಮೊದಲಿಂದ ಕೈಗೆ ಲೋಷನ್ ಹಚ್ಚಿ, ಆ ದಿನ ಬೆಳಿಗ್ಗೆ ಹಚ್ಚದೆ ಹೋಗಿ. ಕ್ಯಾಲಿಫೋರ್ನಿಯಾದ ಲೈವ್ ಸ್ಕ್ಯಾನ್ (ಶಾಯಿಯಿಲ್ಲದ ಡಿಜಿಟಲ್ ಬೆರಳಚ್ಚು) ಆ ರಾಜ್ಯದೊಳಗೆ ಮಾತ್ರ ನಡೆಯುತ್ತದೆ, ಹೊರಗಿದ್ದವರು ಎಫ್.ಡಿ.-258 ಶಾಯಿ ಕಾರ್ಡಿನಲ್ಲೇ ಕೊಡಬೇಕು. ಎರಡು ಕಾರ್ಡು ಮಾಡಿಸಿಕೊಂಡರೆ ಒಂದು ಕೈಲಿರುತ್ತದೆ.

ಆದರೆ ಫೈಲು ನಿಜವಾಗಿ ಕಚ್ಚಿಕೊಂಡು ನಿಲ್ಲುವುದು ಹೌದು-ಇಲ್ಲ ಪ್ರಶ್ನೆಗಳಲ್ಲಿ. ಎಂದಾದರೂ ರಜೆಯ ಮೇಲೆ ತರಬೇತಿ ನಿಲ್ಲಿಸಿದ್ದೀರಾ, ಪ್ರೊಬೇಷನ್ ಇತ್ತೇ, ವರ್ಷ ಮರಳಿ ಮಾಡಿದ್ದೀರಾ, ಬಂಧನವಾಗಿತ್ತೇ? ಬಾಣಂತನದ ರಜೆ, ಬೋರ್ಡ್ ಪರೀಕ್ಷೆಗೆ ತೆಗೆದುಕೊಂಡ ತಿಂಗಳು, ಕಾಲೇಜಿನಲ್ಲಿ ಒಂದು ಕೋರ್ಸ್ ಮತ್ತೆ ಬರೆದದ್ದು ಇವನ್ನೆಲ್ಲ ಲೆಕ್ಕಕ್ಕಿಲ್ಲವೆಂದು 'ಇಲ್ಲ' ಒತ್ತಿಬಿಡುತ್ತಾರೆ. ಅದೇ ಪ್ರಶ್ನೆ ಪ್ರೋಗ್ರಾಂ ಡೈರೆಕ್ಟರ್ ತುಂಬುವ ಫಾರ್ಮಿನಲ್ಲೂ ಇರುತ್ತದೆ, ಅಲ್ಲಿ 'ಹೌದು' ಬರುತ್ತದೆ. ಎರಡು ಉತ್ತರ ಕೂಡದಿದ್ದರೆ ಫೈಲು ಗುಮಾಸ್ತರ ಮೇಜಿನಿಂದ ಸಮಿತಿಗೆ ಏರುತ್ತದೆ, ಸಮಿತಿ ಮುಂದಿನ ಸಭೆವರೆಗೆ ಸೇರುವುದಿಲ್ಲ. ರಜೆ ತೆಗೆದುಕೊಂಡದ್ದಕ್ಕೆ ಲೈಸೆನ್ಸ್ ನಿಲ್ಲುವುದು ಅಪರೂಪ. ಮುಚ್ಚಿಟ್ಟರು ಎನಿಸಿದರೆ ನಿಲ್ಲುತ್ತದೆ. ನಿಮ್ಮ ಬಗ್ಗೆ ಏನು ಬರೆದು ಕಳಿಸುತ್ತಾರೆ ಎಂದು ರೆಸಿಡೆನ್ಸಿ ಆಫೀಸಿನಲ್ಲಿ ಮೊದಲೇ ಕೇಳಿ, ಅದೇ ದಿನಾಂಕ ಹಾಕಿ, ಎಂಟು ಹತ್ತು ಸಾಲಿನ ವಿವರಣೆ ಜೊತೆಗಿಡಿ. ಕೋರ್ಟು ದಾಖಲೆಯಿಂದ ಅಳಿಸಿಹಾಕಿದ ಕೇಸಿದ್ದರೆ ಪ್ರಶ್ನೆಯ ಪದಗಳನ್ನು ಎರಡು ಸಲ ಓದಿ. ಅಳಿಸಿದ್ದನ್ನೂ ಸೇರಿಸಿ ಎಂದು ಕೇಳುವ ರಾಜ್ಯಗಳಿವೆ, ಅಲ್ಲಿ ವಕೀಲರನ್ನು ಕೇಳುವುದೇ ಮೇಲು. ಪದವಿಯ ನಂತರದ ಪ್ರತಿ ತಿಂಗಳಿಗೂ ಲೆಕ್ಕ ಕೇಳುತ್ತಾರೆ, ಊರಿಗೆ ಹೋಗಿದ್ದ ಎರಡು ತಿಂಗಳೂ ಬರೆಯಿರಿ.

ಚಿಕ್ಕ ಚಿಕ್ಕ ಕೋರ್ಸುಗಳೂ ಇವೆ: ನ್ಯೂಯಾರ್ಕಿಗೆ ಸೋಂಕು ನಿಯಂತ್ರಣ ಮತ್ತು ಮಕ್ಕಳ ಮೇಲಿನ ದೌರ್ಜನ್ಯ ಗುರುತಿಸುವುದು, ಪೆನ್ಸಿಲ್ವೇನಿಯಾಕ್ಕೆ ಮಕ್ಕಳ ದೌರ್ಜನ್ಯದ್ದೇ 3 ಗಂಟೆ, ಟೆಕ್ಸಾಸಿಗೆ ಕಾನೂನಿನ ಒಂದು ಪರೀಕ್ಷೆ, ಪಾಸಿಗೆ 75. ಒಂದು ಸಂಜೆಯ ಕೆಲಸ. ಬಾಕಿ ಬಿಟ್ಟರೆ ಫೈಲು ಅಪೂರ್ಣ.

ಮಾರ್ಚಿನಿಂದ ಜೂನ್‌ವರೆಗೆ ಬೋರ್ಡುಗಳಲ್ಲಿ ನೂಕುನುಗ್ಗಲು, ಯಾಕೆಂದರೆ ರೆಸಿಡೆನ್ಸಿ ಜೂನ್ 30ಕ್ಕೆ ಮುಗಿಯುತ್ತದೆ. ಕೆಲಸ ಸೇರುವ ದಿನಕ್ಕೆ ಆರು ತಿಂಗಳು ಮೊದಲು ಅರ್ಜಿ ಹಾಕಿ. ಲೈಸೆನ್ಸ್ ಬಂದ ಮೇಲೂ ಆಸ್ಪತ್ರೆಯ ಕ್ರೆಡೆನ್ಷಿಯಲಿಂಗ್ (ನಿಮ್ಮ ಅರ್ಹತೆಯ ಪರಿಶೀಲನೆ), ಇನ್ಶೂರೆನ್ಸ್ ನೋಂದಣಿಗೆ ತಿಂಗಳುಗಳು ಬೇಕು.

ಎರಡನೇ ರಾಜ್ಯಕ್ಕೆ ಅಂತರರಾಜ್ಯ ಒಪ್ಪಂದ ಸುಲಭ. ಆದರೆ ಸ್ಪೆಷಾಲಿಟಿ ಬೋರ್ಡ್ ಸರ್ಟಿಫಿಕೇಟ್ (ರೆಸಿಡೆನ್ಸಿ ಮುಗಿದ ಮೇಲೆ ಸಿಗುವ ತಜ್ಞತೆಯ ಪತ್ರ) ಬೇಕು, ಅಂದರೆ ರೆಸಿಡೆಂಟ್‌ಗಳಿಗೆ ಈ ಬಾಗಿಲಿಲ್ಲ. ಒಪ್ಪಂದದಲ್ಲಿರುವ ರಾಜ್ಯವೊಂದರಲ್ಲಿ ಪೂರ್ಣ ಲೈಸೆನ್ಸ್ ಇರಬೇಕು, ಮನೆಯೋ, ಕಾಲುಭಾಗ ಪ್ರಾಕ್ಟೀಸೋ, ಕೆಲಸ ಕೊಟ್ಟವರೋ, ತೆರಿಗೆಯೋ ಅಲ್ಲಿಗೆ ಸೇರಿರಬೇಕು. ಶುಲ್ಕ 700 ಡಾಲರ್, ಪ್ರತಿ ರಾಜ್ಯದ ಫೀಸು ಬೇರೆ. ಅರ್ಹತಾ ಪತ್ರ 365 ದಿನ ನಡೆಯುತ್ತದೆ.

ನಿಯಂತ್ರಿತ ಔಷಧಿ ಬರೆದುಕೊಡಲು ಬೇಕಾದ ಕೇಂದ್ರದ ಡಿ.ಇ.ಎ. ನೋಂದಣಿ ರಾಜ್ಯದ ಲೈಸೆನ್ಸ್ ಬಂದ ನಂತರವೇ: ಮೂರು ವರ್ಷಕ್ಕೆ 888 ಡಾಲರ್, ವ್ಯಸನ ಚಿಕಿತ್ಸೆಯ 8 ಗಂಟೆ ತರಬೇತಿ. ಕೆಲವೆಡೆ ರಾಜ್ಯದ್ದೇ ಪ್ರತ್ಯೇಕ ನೋಂದಣಿ ಮೊದಲು ಬೇಕು. ಎನ್.ಪಿ.ಐ. ನಂಬರಿಗೆ (ಬಿಲ್ಲಿಂಗ್‌ಗೆ ಬೇಕಾದ ಡಾಕ್ಟರರ ಗುರುತಿನ ಸಂಖ್ಯೆ) ಹಣವಿಲ್ಲ, ಯಾರಾದರೂ ಕೇಳಿದರೆ ಕೊಡಬೇಡಿ. ನವೀಕರಣಕ್ಕೆ ಡಿ.ಒ. ಬೋರ್ಡುಗಳು ಡಿ.ಒ.ಗಳ ಸಂಘವಾದ ಎ.ಒ.ಎ. ಮಾನ್ಯ ಮಾಡಿದ ಮುಂದುವರಿಕೆ ಶಿಕ್ಷಣದ 1-ಎ ವರ್ಗದ ಗಂಟೆಗಳನ್ನೇ ಪ್ರತ್ಯೇಕ ಎಣಿಸುವುದುಂಟು. ಫ್ಲೋರಿಡಾದಲ್ಲಿ ಎರಡು ವರ್ಷಕ್ಕೆ 40 ಗಂಟೆ, ಅದರಲ್ಲಿ 20 ಈ ವರ್ಗದವು. ಆಸ್ಪತ್ರೆಯ ಉಪನ್ಯಾಸಗಳು ಬಹುಪಾಲು ಎಂ.ಡಿ. ಪದ್ಧತಿಯ ಗಂಟೆಗಳು, ಅವನ್ನೇ ಕೂಡಿಸುತ್ತಾ ಹೋದರೆ 1-ಎ ಖಾನೆ ಖಾಲಿಯೇ ಉಳಿದಿರುತ್ತದೆ.