ಕಾಲಾಣೆಯ ಮೇಲಿನ ಪಟ್ಟೆ: ಟಂಕಸಾಲೆಯದ್ದೋ, ಮಳೆಗಾಲದ್ದೋ?

ಕೊಡಗಿನಲ್ಲಿ ಹಳೆಯ ತಾಮ್ರದ ಕಾಸು ಕೂಡಿಡುವವರಿಗೆ ಬಣ್ಣ ತಿರುಗಿದ ನಾಣ್ಯಗಳಿಗೆ ಬರವಿಲ್ಲ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಬಿಡದ ಊರಿನಲ್ಲಿ ಬೀರುವಿನೊಳಗಿನ ಚರ್ಮದ ಬೆಲ್ಟಿಗೂ ಬೂಸ್ಟು ಹಿಡಿಯುತ್ತದೆ. ಅಟ್ಟದ ಡಬ್ಬಿಯಲ್ಲಿ ಮೂರು ತಲೆಮಾರು ಕಳೆದ ಕಾಲಾಣೆ ಹೊಳೆಯುತ್ತಿದ್ದರೆ ನನಗೆ ಅನುಮಾನ ಬರುತ್ತದೆ, ಕಪ್ಪಾಗಿದ್ದರೆ ಅಲ್ಲ. ಆದರೆ ಈಚೆಗೆ ಮೈಮೇಲೆ ಮರದ ಎಳೆಗಳಂತೆ ಪಟ್ಟೆ ಕಂಡರೆ ಸಾಕು, “ಲೋಹ ಸರಿಯಾಗಿ ಬೆರೆತಿಲ್ಲ, ಟಂಕಸಾಲೆಯ ತಪ್ಪು ಸಾರ್” ಎಂದು ಬೆಲೆ ಏರಿಸುವವರು ಹೆಚ್ಚಾಗಿದ್ದಾರೆ. ಅಂಥ ನಾಣ್ಯ ಕೈಗೆ ಬಂದಾಗ ನಾನು ಪಟ್ಟೆಯನ್ನು ಆಮೇಲೆ ನೋಡುತ್ತೇನೆ, ಮೊದಲು ಇಸವಿ ನೋಡುತ್ತೇನೆ.

ಈಸ್ಟ್ ಇಂಡಿಯಾ ಕಂಪನಿ ಕೊಡಗನ್ನು ವಶಪಡಿಸಿಕೊಂಡದ್ದು 1834ರಲ್ಲಿ. ಮರುವರ್ಷದ ಇಸವಿ ಹೊತ್ತ, ಸಿಂಹಗಳ ಲಾಂಛನದ ಕಾಲಾಣೆ ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಈಗಲೂ ಸಿಗುತ್ತದೆ. ಅಲ್ಲಿಂದ 1906ರವರೆಗೆ ಕಾಲಾಣೆ ಎಂದರೆ ತಾಮ್ರ, ತೂಕ ಸುಮಾರು 6.47 ಗ್ರಾಂ. 1906ರಲ್ಲಿ ಅದು ಕಂಚಾಯಿತು: ನೂರಕ್ಕೆ 95 ಪಾಲು ತಾಮ್ರ, 4 ಪಾಲು ತವರ, 1 ಪಾಲು ಸತು. ತೂಕ 4.86 ಗ್ರಾಮಿಗೆ ಇಳಿಯಿತು, ಅಗಲ ಹಾಗೆಯೇ ಉಳಿಯಿತು. 1906ರ ಇಸವಿಯಲ್ಲಿ ಎರಡೂ ಬಗೆಯವು ಇರುವುದರಿಂದ ಆ ವರ್ಷದ ನಾಣ್ಯವನ್ನು ತಕ್ಕಡಿಗೆ ಹಾಕದೆ ಮಾತನಾಡಬಾರದು. ವಿಕ್ಟೋರಿಯಾ ರಾಣಿಯ ಕಾಲಾಣೆ ಹಿಡಿದು ಬೆರಕೆ ತಪ್ಪಿದೆ ಎನ್ನುವವರನ್ನು ನಾನು ಕೇಳುವುದಿಷ್ಟೇ: ಯಾವುದರೊಡನೆ ಯಾವುದು ಬೆರೆಯಬೇಕಿತ್ತು? ಅದರಲ್ಲಿ ಕಲ್ಮಶದ ಎಳೆ ಸಿಕ್ಕಿಕೊಂಡಿರಬಹುದು, ಅದು ಬೇರೆ ಮಾತು. ಬೆರಕೆಯ ತಕರಾರು ಎತ್ತಲು ಕಂಚೇ ಬೇಕು. ಐದನೆಯ ಜಾರ್ಜ್, ಆರನೆಯ ಜಾರ್ಜರ ಕಾಲಾಣೆಗಳು, 1943ರಿಂದ ಬಂದ ತೂತಿನ ಕಾಸು, 1950ರಿಂದ ಬಂದ ಕುದುರೆ ಪೈಸೆ ಎಲ್ಲವೂ ಕಂಚಿನವು.

ಕರಗಿಸಿದ ಕಂಚಿನಲ್ಲಿ ತವರ, ಸತು ಎಲ್ಲೆಡೆ ಸಮನಾಗಿ ಹರಡದಿದ್ದರೆ ಎರಕದ ಗಟ್ಟಿಯಲ್ಲಿ ಅಲ್ಲಲ್ಲಿ ಬೇರೆ ಹದದ ಜಾಗಗಳು ಉಳಿಯುತ್ತವೆ. ಗಟ್ಟಿಯನ್ನು ರೋಲರುಗಳ ನಡುವೆ ಒತ್ತಿ ತಗಡು ಮಾಡುವಾಗ ಆ ಜಾಗಗಳು ಒಂದೇ ದಿಕ್ಕಿಗೆ ಉದ್ದಕ್ಕೆ ಎಳೆದುಕೊಳ್ಳುತ್ತವೆ. ಆ ತಗಡಿನಿಂದ ಬಿಲ್ಲೆ ಕತ್ತರಿಸಿ ಅಚ್ಚು ಒತ್ತುವುದು ನಂತರದ ಕೆಲಸ. ಎಂದರೆ ಪಟ್ಟೆ ಮೊದಲು, ರಾಜನ ಮುಖ ಆಮೇಲೆ. ಇನ್ನೊಂದು ಸಂಗತಿಯನ್ನು ಬಹಳ ಮಂದಿ ಗಮನಿಸುವುದಿಲ್ಲ. ಹದ ಬೇರೆಯಾದ ಎಳೆ ಗಾಳಿಗೆ ಕಪ್ಪಾಗುವ ವೇಗವೂ ಬೇರೆ. ಆದ್ದರಿಂದ ನಿಜವಾದ ಬೆರಕೆ ದೋಷವೂ ಹಳೆಯ ನಾಣ್ಯದಲ್ಲಿ ಕಣ್ಣಿಗೆ ಎದ್ದು ಕಾಣುವುದು ಟೋನಿಂಗ್‌ನಿಂದಲೇ, ಎಂದರೆ ವರ್ಷಗಳು ಕಳೆದಂತೆ ಲೋಹದ ಮೈ ಬಣ್ಣ ತಿರುಗುವುದರಿಂದಲೇ. ಟೋನಿಂಗ್ ಇದೆಯೇ ಇಲ್ಲವೇ ಎಂದು ವಾದಿಸಿ ಪ್ರಯೋಜನವಿಲ್ಲ. ಅದು ಲೋಹದೊಳಗಿನ ಎಳೆಯನ್ನು ಹಿಡಿದು ಹೊರಟಿದೆಯೋ, ಹೊರಗಿನಿಂದ ತಗುಲಿದ ವಸ್ತುವಿನ ಗುರುತನ್ನೋ ಎಂಬುದನ್ನು ನೋಡಬೇಕು.

ನನ್ನ ಬಳಿ 1919ರ ಒಂದು ಕಾಲಾಣೆ ಇದೆ. ಹತ್ತು ಪಟ್ಟು ಹಿಗ್ಗಿಸುವ ಮಸೂರದಡಿ ಇಟ್ಟರೆ, ಹಳದಿ ಕಂದು ಬಣ್ಣದ ಎಳೆಗಳು ಎಡಗಡೆಯ ಖಾಲಿ ಬಯಲಿನಿಂದ ಹೊರಟು ರಾಜನ ಗಡ್ಡವನ್ನು ಹತ್ತಿ, ಕಿವಿಯನ್ನು ದಾಟಿ, ಆ ಕಡೆಯ ಅಂಚಿನ ಅಕ್ಷರಗಳ ಮೇಲೂ ಹಾದುಹೋಗುತ್ತವೆ. ಉಬ್ಬಿಗೆ ಬಳಸು ದಾರಿ ಹಿಡಿದಿಲ್ಲ, ತಗ್ಗಿನಲ್ಲಿ ಮಡುಗಟ್ಟಿಲ್ಲ. ನಾಣ್ಯವನ್ನು ಬೆಳಕಿಗೆ ಓರೆಯಾಗಿಸಿದರೂ ಎಳೆಗಳ ಬಣ್ಣ ಬದಲಾಗುವುದಿಲ್ಲ. ತೆಳುವಾದ ಟೋನಿಂಗ್ ಪದರವಾದರೆ ಕೆಂಪು ನೀಲಿಗೆ ತಿರುಗಿ ಆಟವಾಡುತ್ತದೆ. ಹಿಂಬದಿಯನ್ನು ನೋಡುವುದಕ್ಕೆ ನನ್ನದೊಂದು ಕ್ರಮವಿದೆ. ಈ ನಾಣ್ಯಗಳ ಎರಡೂ ಮುಖಗಳ ತಲೆ ಒಂದೇ ಕಡೆ ಇರುವುದರಿಂದ ಪುಸ್ತಕದ ಹಾಳೆಯಂತೆ ಮಗುಚುತ್ತೇನೆ. ತಗಡಿನ ಎಳೆಯೇ ಆಗಿದ್ದರೆ ಮುಂಬದಿಯಲ್ಲಿ ಬಲಕ್ಕೆ ವಾಲಿದ್ದು ಹಿಂಬದಿಯಲ್ಲಿ ಅಷ್ಟೇ ಓರೆಯಾಗಿ ಎಡಕ್ಕೆ ವಾಲಿರಬೇಕು. ಎಳೆಗಳು ಆರಪಾರ ಇರಬೇಕೆಂದಿಲ್ಲ, ಹಿಂಬದಿಯಲ್ಲಿ ಇಲ್ಲದೆಯೂ ಹೋಗಬಹುದು; ಇದ್ದರೆ ದಿಕ್ಕು ಮಾತ್ರ ಹೊಂದಲೇಬೇಕು. 1919ರ ನಾಣ್ಯದಲ್ಲಿ ‘ಕ್ವಾರ್ಟರ್’ ಎಂಬ ಪದವನ್ನು ಕೊಯ್ದುಕೊಂಡು ಹೋದ ಎರಡು ಎಳೆಗಳು ಹಾಗೆಯೇ ಎಡಕ್ಕೆ ವಾಲಿವೆ. ಇದು ಬೆರಕೆಯದೇ ಎಂದು ಲಕೋಟೆಯ ಮೇಲೆ ಬರೆದಿಟ್ಟಿದ್ದೇನೆ.

ಮೋಸಗೊಳಿಸುವ ಪಟ್ಟೆಗಳೇ ಹೆಚ್ಚು. ಬಟ್ಟೆಯಲ್ಲಿ ಸುತ್ತಿಟ್ಟ ನಾಣ್ಯಕ್ಕೆ ನೇಯ್ಗೆಯ ಗುರುತು ಬೀಳುತ್ತದೆ, ಮೊದಲ ನೋಟಕ್ಕೆ ಎಳೆಯೇ ಅನ್ನಿಸುತ್ತದೆ. ಮಸೂರದಲ್ಲಿ ಅಡ್ಡಗೆರೆಯೂ ಕಂಡಾಗ ಗುಟ್ಟು ರಟ್ಟಾಗುತ್ತದೆ. ದಾರಕ್ಕೆ ಪೋಣಿಸಿದ ತೂತಿನ ಕಾಸುಗಳಲ್ಲಿ ಪಕ್ಕದ ಕಾಸು ಒತ್ತಿಕೊಂಡ ಜಾಗ ತಿಳಿಯಾಗಿಯೂ ಉಳಿದದ್ದು ಕಪ್ಪಾಗಿಯೂ ಇರುತ್ತದೆ, ಅವುಗಳ ಗಡಿ ಬಾಗಿರುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿದ್ದವಕ್ಕೆ ಮಸಿ ಅಂಟಿ, ಅಕ್ಷರಗಳ ಬುಡದಲ್ಲಿ ದಪ್ಪಗೆ ಕೂತಿರುತ್ತದೆ. ರೋಲರಿನ ಗೀರುಗಳು ಬಣ್ಣವಲ್ಲ, ಲೋಹದಲ್ಲಿ ಕೊರೆದ ಕಾಲುವೆಗಳು. ಅಚ್ಚಿನ ಒತ್ತಡ ಸಾಲದ ಎತ್ತರದ ಭಾಗಗಳಲ್ಲಿ ಮಾತ್ರ ಅವು ಉಳಿದಿರುತ್ತವೆ.

ಇನ್ನು ತೊಳೆದ ನಾಣ್ಯಗಳು. ಹುಣಸೆಹಣ್ಣು, ಬೂದಿ, ನಮ್ಮಲ್ಲಾದರೆ ಹಂದಿ ಮಾಂಸಕ್ಕೆ ಹಾಕುವ ಕಾಚಂಪುಳಿ ಕೂಡ! ಯಾವ ಹುಳಿಯಾದರೂ ಮೇಲ್ಪದರವನ್ನು ತಿಂದು ನಾಣ್ಯವನ್ನು ಹಸಿ ಗುಲಾಬಿ ಬಣ್ಣಕ್ಕೆ ತರುತ್ತದೆ. ಅದು ಮತ್ತೆ ಕಪ್ಪಾಗುವಾಗ ಉಜ್ಜಿದ ಕೈಯ ಗೆರೆಗಳನ್ನು ಹಿಡಿದೇ ಕಪ್ಪಾಗುತ್ತದೆ. ಅಂಥ ನಾಣ್ಯದ ಬಗ್ಗೆ ನಾನು ಯಾವ ತೀರ್ಪನ್ನೂ ಕೊಡುವುದಿಲ್ಲ.

ಅನುಮಾನ ತೀರದಿದ್ದರೆ ಶುದ್ಧ ಅಸಿಟೋನ್‌ನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿ, ಉಜ್ಜದೆ ಆರಲು ಬಿಡುತ್ತೇನೆ. ಎಣ್ಣೆ, ಅಂಟು, ನಾಣ್ಯ ಇಡುವ ಪಿವಿಸಿ ಪ್ಲಾಸ್ಟಿಕ್ ಹಾಳೆಯ ಹಸಿರು ಜಿಡ್ಡು ಬಿಟ್ಟುಹೋಗುತ್ತವೆ, ಟೋನಿಂಗ್ ಮತ್ತು ಲೋಹ ಹಾಗೆಯೇ ಉಳಿಯುತ್ತವೆ. ಉಗುರುಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಬೇರೇನೇನೋ ಬೆರೆತಿರುತ್ತದೆ. ಅಸಿಟೋನ್ ಥಟ್ಟನೆ ಹೊತ್ತಿಕೊಳ್ಳುವುದರಿಂದ ಈ ಕೆಲಸ ಒಲೆಯಿರುವ ಕಡೆ ಸಲ್ಲದು, ಜಗಲಿಯೇ ಸರಿ. ಚಿನ್ನದ ಅಂಗಡಿಯ ಕ್ಯಾರೆಟ್ ಮೀಟರಿನಲ್ಲಿ ಇಟ್ಟು ನೋಡಿ ಎಂದು ಕೆಲವರು ಹೇಳುತ್ತಾರೆ. ಆ ಯಂತ್ರ ತನ್ನ ಕಿರಣ ಬಿದ್ದಷ್ಟು ಜಾಗದ ಸರಾಸರಿಯನ್ನು ಹೇಳುತ್ತದೆ. ಕೂದಲಿನಷ್ಟು ತೆಳುವಾದ ಎಳೆ ಅದರ ಲೆಕ್ಕಕ್ಕೆ ಸಿಗುವುದಿಲ್ಲ. ತೂಕವೂ ತಾಮ್ರವೋ ಕಂಚೋ ಎಂಬುದನ್ನು ಹೇಳೀತೇ ಹೊರತು ಬೆರಕೆಯ ಬಗ್ಗೆ ಬಾಯಿ ಬಿಡುವುದಿಲ್ಲ.

ಬೆಲೆಯ ವಿಚಾರದಲ್ಲಿ ನಾನು ಜಿಪುಣ. ಎಳೆಗಳು ಎರಡೂ ಮುಖಗಳಲ್ಲಿ ದಿಕ್ಕು ತಪ್ಪದೆ ಓಡಿದ್ದರೆ ನಾಲ್ಕು ಕಾಸು ಹೆಚ್ಚು ಕೊಡುತ್ತೇನೆ. ಒಂದೇ ಮುಖದಲ್ಲಿದ್ದರೆ ಮಾಮೂಲಿ ಕಾಲಾಣೆಯ ಬೆಲೆ. ಒಪ್ಪದವರು ನಾಣ್ಯವನ್ನು ಮರಳಿ ಜೇಬಿಗೆ ಹಾಕಿಕೊಳ್ಳುತ್ತಾರೆ, ಹೆಚ್ಚಿನವರು ಮುಂದಿನ ವಾರ ಮತ್ತೆ ಬರುತ್ತಾರೆ.