ರಾತ್ರಿ ಅಡುಗೆ ನನ್ನ ಪಾಲಿಗೆ ಬಂದ ಮೇಲೆ

ಹೆಂಡತಿಗೆ ಆಸ್ಪತ್ರೆಯಲ್ಲಿ ಸಂಜೆ ಪಾಳಿ ಬಿದ್ದಾಗಿನಿಂದ ರಾತ್ರಿ ಅಡುಗೆ ನನ್ನದು. ಕಲಬುರಗಿಯಲ್ಲಿ ನನ್ನದು ಸ್ಪೇರ್ ಪಾರ್ಟ್ಸ್ ಅಂಗಡಿ, ಬಾಗಿಲು ಹಾಕಿ ಮನೆಗೆ ಬರುವಷ್ಟರಲ್ಲಿ ಏಳೂವರೆ. ಮೊದಲ ಎರಡು ತಿಂಗಳು ಅಡುಗೆ ಅಂತ ಏನೂ ಮಾಡಲಿಲ್ಲ. ಅನ್ನಕ್ಕಿಟ್ಟು, ಹೊರಗಿಂದ ಪನೀರ್ ಮಸಾಲಾ ಪಾರ್ಸಲ್ ತರುತ್ತಿದ್ದೆ. ನಾಲ್ಕು ಮಂದಿಗೆ ರಾತ್ರಿಗೊಮ್ಮೆ 250 ರೂಪಾಯಿ ಹೋಗುತ್ತಿತ್ತು. ಅಷ್ಟರಲ್ಲಿ ಅವ್ವನ ಶುಗರ್ ಏರಿತು. ಅನ್ನ ಕಡಿಮೆ ಮಾಡಿ, ಕಾಳು, ಸೊಪ್ಪು ಹೆಚ್ಚು ಮಾಡಿ ಅಂದರು ಡಾಕ್ಟರು.

"ತೊಗರಿ ನಾಡಾಗ ಹುಟ್ಟಿ ಪಾರ್ಸಲ್ ತಿಂತೀವಲ್ಲೋ ತಮ್ಮಾ" ಅಂದಳು ಅವ್ವ. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿನ ಬೆಳೆಗೆ ಸಿಗುವ ಭೌಗೋಳಿಕ ಗುರುತು) ಸಿಕ್ಕಾಗ ಅಂಗಡಿಯಲ್ಲಿ ಕೂತು ಬಂದವರಿಗೆಲ್ಲ ಹೇಳಿಕೊಂಡು ತಿರುಗಿದವನು ನಾನೇ. ಮನೆಯ ಕುಕ್ಕರಿಗೆ ಮಾತ್ರ ವಾರಕ್ಕೊಮ್ಮೆ ಬ್ಯಾಳಿ ಬಿದ್ದರೆ ಹೆಚ್ಚು.

ಈಗ ವಾರಕ್ಕೆರಡು ಸಲ ಎರಡು ಬಟ್ಟಲು ತೊಗರಿ ಬ್ಯಾಳಿ ಬೇಯಿಸುತ್ತೇನೆ. ಒಗ್ಗರಣೆ ಹಾಕುವ ಮೊದಲೇ ಅರ್ಧ ತೆಗೆದು ಫ್ರಿಜ್ಜಿಗಿಡುತ್ತೇನೆ. ಒಂದು ರಾತ್ರಿ ಪುಂಡಿಪಲ್ಯ (ಗೋಂಗುರ ಅನ್ನುವ ಹುಳಿ ಸೊಪ್ಪಿನದು), ಮರುದಿನ ಅದೇ ಬ್ಯಾಳಿಗೆ ಮೆಂತೆ ಸೊಪ್ಪು. ಗ್ಯಾಸು, ಹೊತ್ತು ಎರಡೂ ಉಳಿಯುತ್ತವೆ.

ಪುಂಡಿಪಲ್ಯದ ಮಾತು ಸ್ವಲ್ಪ ಉದ್ದ. ಮೊದಲ ಸಲ ಕಣ್ಣಿ ಮಾರ್ಕೆಟಿನಿಂದ ಎರಡು ಸೂಡು ಪುಂಡಿ ಸೊಪ್ಪು ತಂದೆ, ತೊಳೆದೆ, ನೇರ ಬ್ಯಾಳಿಗೇ ಹಾಕಿ ಕುದಿಸಿದೆ. ಬಾಯಿಗಿಟ್ಟರೆ ಹಲ್ಲು ಚಳಿತು ಹೋದವು, ಅಷ್ಟು ಹುಳಿ. ಅವ್ವ ಹಾಸಿಗೆಯಲ್ಲೇ ಕೂತು ನಕ್ಕಳು: "ಹುಳಿ ನೀರು ಬಸಿಬೇಕಲ್ಲೋ ಹುಚ್ಚಾ." ಅಂದಿನಿಂದ ಎಲೆ ಬಿಡಿಸಿ ಬೇರೆ ಪಾತ್ರೆಯಲ್ಲಿ ಕುದಿಸಿ, ನೀರು ಬಸಿದು, ಆರಿದ ಮೇಲೆ ಮುಷ್ಟಿಯಲ್ಲಿ ಹಿಂಡುತ್ತೇನೆ. ಪಾತ್ರೆ ಸ್ಟೀಲಿನದೇ ಇರಬೇಕು, ಹುಳಿ ಸೊಪ್ಪಿಗೆ ಅಲ್ಯೂಮಿನಿಯಂ ಆಗದು. ಮುಂಜಾನೆಯೇ ನೆನೆಸಿಟ್ಟ ಎರಡು ಹಿಡಿ ಜೋಳದ ನುಚ್ಚು, ಒಂದು ಬಟ್ಟಲು ಬ್ಯಾಳಿ, ಎಂಟ್ಹತ್ತು ಹಸಿಮೆಣಸಿನಕಾಯಿ ಕೂಡಿಸಿ ಮೆತ್ತಗಾಗುವ ತನಕ ಕುದಿಸಿ, ಸೊಪ್ಪು ಸೇರಿಸಿ ಕಡೆಗೋಲಿನಿಂದ ಮಸೆಯುತ್ತೇನೆ. ಕೊನೆಗೆ ಜಜ್ಜಿದ ಬಳ್ಳೊಳ್ಳಿ ಒಗ್ಗರಣೆ. ಬಳ್ಳೊಳ್ಳಿ ಕೆಂಪಗಾಗಬೇಕು, ಕರಿಯಾದರೆ ಪಲ್ಯಾನೇ ಕಹಿ. ಎಣ್ಣೆ ಎರಡು ಚಮಚ ಸಾಕು. ನಿಜ ಹೇಳಬೇಕೆಂದರೆ ಇದರ ರುಚಿ ಮರುದಿನವೇ ಹೆಚ್ಚು.

ರೊಟ್ಟಿ ಬಡಿಯೋದು ಇನ್ನೂ ನನ್ನ ಕೈಗೆ ಹತ್ತಿಲ್ಲ. ತಣ್ಣೀರು ಹಾಕಿ ನಾದಿದೆ, ಬಡಿಯುತ್ತಿದ್ದಂತೆ ಹರಿದು ಚೂರಾಯಿತು. ಜೋಳದ ಹಿಟ್ಟಿನಲ್ಲಿ ಗೋಧಿಯ ಜಿಗುಟು ಇರುವುದಿಲ್ಲ, ಅದಕ್ಕೇ ಕುದಿಯುವ ಎಸರು ಹಾಕಬೇಕು. ಇದು ಗೊತ್ತಾಗಲು ಅರ್ಧ ಕಿಲೋ ಹಿಟ್ಟು ಖರ್ಚಾಯಿತು. ಈಗ ಪಕ್ಕದ ಓಣಿಯ ಅಕ್ಕನ ಹತ್ತಿರ ತರುತ್ತೇನೆ. ಒಂದಕ್ಕೆ 7 ರೂಪಾಯಿ. ಹಸಿವಾದಾಗ ಇರಲಿ ಅಂತ ಕಡಕ್ ರೊಟ್ಟಿ ಡಬ್ಬಿಯಲ್ಲಿ ಇದ್ದೇ ಇರುತ್ತದೆ. ಅವ್ವನಿಗೆ ಮಾತ್ರ ಒಂದೂವರೆ. ಜೋಳದ್ದು ಅಂತ ಮೂರು ತಿಂದರೆ ಶುಗರ್ ಏರದೆ ಇರದು, ಒಮ್ಮೆ ಮೀಟರ್ ಹಚ್ಚಿ ನೋಡಿದ್ದೇವೆ.

ಮೊಳಕೆ ಹೆಸರುಕಾಳಿನ ಉಸಳಿ ಎಲ್ಲಕ್ಕಿಂತ ಅಗ್ಗ, ಒಂದು ಬಟ್ಟಲು ಕಾಳು ನೆನೆದರೆ ಎರಡಕ್ಕೂ ಮೀರುತ್ತದೆ. ಆದರೆ ನಮ್ಮ ಮೇ ತಿಂಗಳ ಬಿಸಿಲು ಗೊತ್ತಲ್ಲ. ಮುಂಜಾನೆ ಬಟ್ಟೆಯಲ್ಲಿ ಕಟ್ಟಿಟ್ಟು ಅಂಗಡಿಗೆ ಹೋದೆ, ಸಂಜೆ ಗಂಟು ಬಿಚ್ಚಿದರೆ ಲೋಳೆ, ಹುಳಿ ನಾತ. ಬಟ್ಟೆ ಸಮೇತ ಬಿಸಾಕಿದೆ. ಬೇಸಿಗೆಯಲ್ಲಿ ಈಗ ಹಗಲು ನೆನೆಸಿ ರಾತ್ರಿ ಕಟ್ಟುತ್ತೇನೆ, ಬೆಳಿಗ್ಗೆ ಮೊಳಕೆ ಇಣುಕುತ್ತಿದ್ದಂತೆ ಫ್ರಿಜ್ಜಿಗೆ.

ಬದಿಗೆ ಹಚ್ಚಿಕೊಳ್ಳಲು ರವಿವಾರ ಮಾಡಿದ ಶೇಂಗಾ ಹಿಂಡಿ, ಅಗಸಿ ಹಿಂಡಿ, ಅಂದರೆ ಚಟ್ನಿಪುಡಿ. ಅಗಸಿ ಸಣ್ಣ ಉರಿಯಲ್ಲಿ ಚಟಪಟ ಅನ್ನುವ ತನಕ ಹುರಿಯಬೇಕು, ಬಿಸಿ ಇದ್ದಾಗಲೇ ಮಿಕ್ಸಿಗೆ ಹಾಕಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಉಪ್ಪು ಅವ್ವನ ಬಿಪಿಗಾಗಿ ಅರ್ಧ. ಚಳಿಗಾಲದಲ್ಲಿ ಹಕ್ಕರಕಿ ಸೊಪ್ಪು, ಮೂಲಂಗಿ ಹಸಿಯಾಗೇ. ಮೆಂತೆ ಪಚಡಿಯಂತೂ ಒಲೆಯನ್ನೇ ಕೇಳದು: ಎಳೆ ಮೆಂತೆ, ಉಳ್ಳಾಗಡ್ಡಿ ಹೆಚ್ಚಿ, ಶೇಂಗಾ ಪುಡಿ, ಖಾರ, ಒಂದು ಚಮಚ ಕುಸುಬಿ ಎಣ್ಣೆ ಕಲಸಿದರೆ ಆಯಿತು.

ಖರ್ಚು ಈಗ ರಾತ್ರಿಗೊಮ್ಮೆ ಹೆಚ್ಚುಕಡಿಮೆ 110 ರೂಪಾಯಿ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ರೊಟ್ಟಿಯದೇ.

ಮಗ ಪುಂಡಿ ಮುಟ್ಟುವುದಿಲ್ಲ. ಆ ರಾತ್ರಿ ಅವನಿಗೆ ಹತ್ತೇ ನಿಮಿಷದ ಝುಣಕ: ಉಳ್ಳಾಗಡ್ಡಿ ಹುರಿದು, ನೀರು ಕುದಿ ಬಂದ ಮೇಲೆ ಕಡ್ಲಿ ಹಿಟ್ಟು ಉದುರಿಸುತ್ತಾ ತಿರುವಬೇಕು. ಗಂಟು ಬಿದ್ದರೂ ಅವನಿಗೆ ಬೇಸರವಿಲ್ಲ, ಗಂಟುಗಳನ್ನೇ ಆರಿಸಿ ತಿನ್ನುತ್ತಾನೆ.