ಮೂವರು ಜೇಮ್ಸ್ ಸ್ಮಿತ್‌ರಲ್ಲಿ ನಮ್ಮವನು ಯಾರು: ಬಕಿಯ ದಾಖಲೆಗಳಲ್ಲಿ ನನ್ನ ಅನುಭವ

ಸ್ಕಾಟ್ಲೆಂಡಿನ ಈಶಾನ್ಯ ಕರಾವಳಿಯ ಬಕಿ ಪಟ್ಟಣದಲ್ಲಿ ಒಬ್ಬ ಜೇಮ್ಸ್ ಸ್ಮಿತ್‌ನನ್ನು ಮತ್ತೊಬ್ಬನಿಂದ ಬೇರ್ಪಡಿಸುವುದು ನಾಗರಿಕ ನೋಂದಣಿ ಶುರುವಾದ 1855ಕ್ಕಿಂತ ಹಿಂದಕ್ಕೆ ಸಾಧ್ಯವೇ ಇಲ್ಲ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ನನ್ನ ಹೆಂಡತಿಯ ಸೋದರಮಾವ ಹೇಳಿದರು, ವಂಶಾವಳಿ ಹುಡುಕುವುದರಲ್ಲೇ ಕೂದಲು ನರೆಸಿಕೊಂಡ ಹಿರಿಯರೊಬ್ಬರು ಹೇಳಿದರು, ಹಣ ಪಡೆದು ಹುಡುಕಿಕೊಟ್ಟ ವೃತ್ತಿಪರರೂ ಅದನ್ನೇ ಎರಡು ಪುಟಗಳ ವರದಿಯಲ್ಲಿ ಬರೆದು ಕೊಟ್ಟರು. ಅವರೆಲ್ಲರೂ ಅಸಾಧ್ಯವೆಂದ ಕೆಲಸ ಈಗ ಮುಗಿದಿರುವುದರಿಂದ, ಇದೇ ಬಗೆಯ ಗೋಜಲಿನಲ್ಲಿ ಸಿಕ್ಕಿಕೊಂಡಿರುವವರಿಗೆ ಉಪಯೋಗವಾಗಲೆಂದು ನಾನು ಮಾಡಿದ್ದನ್ನು ಬರೆಯುತ್ತಿದ್ದೇನೆ.

ನಮ್ಮ ಜೇಮ್ಸ್ ಸ್ಮಿತ್ ನನ್ನ ಹೆಂಡತಿಯ ಮುತ್ತಜ್ಜನ ತಂದೆ. ಅವನು 1860ರ ದಶಕದ ಆರಂಭದಲ್ಲಿ ಮದುವೆಯಾದ. ಆ ಮದುವೆಯ ನಮೂದಿನಲ್ಲಿ ತಂದೆ ಜೇಮ್ಸ್ ಸ್ಮಿತ್, ಮೀನುಗಾರ, ಮೃತ. ತಾಯಿ ಇಸಬೆಲ್ಲಾ ಸ್ಮಿತ್, ಆಕೆಯ ತವರಿನ ಹೆಸರೂ ಸ್ಮಿತ್. ಬಕಿ, ಪೋರ್ಟೆಸ್ಸಿ, ಫಿಂಡಾಕ್ಟಿ, ಪೋರ್ಟ್‌ನಾಕಿಗಳೆಲ್ಲ ಸೇರುವ ರಾತ್ವೆನ್ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ) ಪುಸ್ತಕಗಳಲ್ಲಿ 1830ರಿಂದ 1845ರವರೆಗೆ ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿದ ಇಂತಹ ಜೋಡಿಗಳು ಮೂರು ಸಿಕ್ಕವು. ಮೂರೂ ಜೋಡಿಗಳಿಗೆ ಜೇಮ್ಸ್ ಎಂಬ ಮಗನಿದ್ದ, ಮತ್ತು ಆ ಮೂವರ ವಯಸ್ಸಿನ ಅಂತರ ಹೆಚ್ಚೆಂದರೆ ನಾಲ್ಕು ವರ್ಷ. ಊರಿಗೊಬ್ಬಳೇ ಪದ್ಮಾವತಿ ಎನ್ನುವ ಮಾತು ಈ ಕರಾವಳಿಯಲ್ಲಿ ನಡೆಯುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಬಕಿಯಲ್ಲಿ ಜಾರ್ಜ್ ಕೌವಿ ಎಂಬುವರೇ ಇಪ್ಪತ್ತೈದು ಮಂದಿ ಇದ್ದರೆಂದೂ, ಅವರನ್ನು ಕ್ಯಾರಟ್, ಡೂಡಲ್, ಟರ್ನಿಪ್ ಎಂದೆಲ್ಲ ಅಡ್ಡಹೆಸರಿನಿಂದ ಗುರುತಿಸುತ್ತಿದ್ದರೆಂದೂ ಆ ಕಾಲದವರೇ ಬರೆದಿದ್ದಾರೆ. ಟೀ-ನೇಮ್ ಎಂದು ಕರೆಯುವ ಈ ಅಡ್ಡಹೆಸರುಗಳು ಮೀನುಗಾರರ ಹಳ್ಳಿಗಳಲ್ಲಿ ತಮಾಷೆಯ ವಿಷಯವಾಗಿರಲಿಲ್ಲ; ನೋಂದಣಿ ಅಧಿಕಾರಿಯೂ ಜನಗಣತಿಯವನೂ ಅವನ್ನು ಹೆಸರಿನ ಪಕ್ಕದಲ್ಲಿಯೇ ಬರೆದುಕೊಳ್ಳುತ್ತಿದ್ದರು.

ಮೊದಲು ಸೋತ ದಾರಿಗಳನ್ನು ಹೇಳಿಬಿಡುತ್ತೇನೆ. ಹಿರಿಯ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು, ಮೂರನೆಯವನಿಗೆ ತಂದೆಯದೇ ಹೆಸರು ಎಂಬ ಸ್ಕಾಟಿಷ್ ರೂಢಿಯನ್ನು ಎಲ್ಲರೂ ಮಂತ್ರದಂತೆ ಜಪಿಸುತ್ತಾರೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮಗೆ ಅದು ಸಹಜವೆಂದೇ ತೋರುತ್ತದೆ. ಆದರೆ ಮೂರು ಜೋಡಿಗಳಲ್ಲಿಯೂ ಇಬ್ಬರು ಅಜ್ಜಂದಿರು ಜೇಮ್ಸ್ ಮತ್ತು ಅಲೆಕ್ಸಾಂಡರ್ ಆಗಿರುವಾಗ ಆ ರೂಢಿಯಿಂದ ಏನೂ ತಿಳಿಯುವುದಿಲ್ಲ. ಕುತೂಹಲಕ್ಕಾಗಿ ಆ ಪ್ಯಾರಿಷ್‌ನ ಮೂವತ್ತರಷ್ಟು ಕುಟುಂಬಗಳನ್ನು ನಾನು ಪರೀಕ್ಷಿಸಿದಾಗ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಕುಟುಂಬಗಳು ಮಾತ್ರ ರೂಢಿಯನ್ನು ಪೂರ್ತಿಯಾಗಿ ಪಾಲಿಸಿದ್ದವು. ಸತ್ತ ಮಗುವಿನ ಹೆಸರನ್ನು ಮುಂದಿನ ಮಗುವಿಗೆ ಇಟ್ಟ ಕಡೆಗಳಲ್ಲಂತೂ ಕ್ರಮವೇ ಕೆಟ್ಟುಹೋಗಿತ್ತು. ಡಿಎನ್‌ಎ ಪರೀಕ್ಷೆಗೆ ಇಬ್ಬರ ಲೆಕ್ಕದಲ್ಲಿ ಸುಮಾರು 150 ಪೌಂಡ್ ಹೋಯಿತು. ಇನ್ನೂರು ವರ್ಷ ಅಕ್ಕಪಕ್ಕದ ಹಳ್ಳಿಗಳಲ್ಲೇ ಹೆಣ್ಣು ಕೊಟ್ಟು ತಂದುಕೊಂಡ ಜನರಲ್ಲಿ ಎಲ್ಲರೂ ಎಲ್ಲರಿಗೂ ಹೊಂದಿಕೆಯಾಗುತ್ತಾರೆ, ಮೂರೂ ಮನೆಗಳ ಇಂದಿನ ವಂಶಸ್ಥರು ನನ್ನ ಹೆಂಡತಿಗೆ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ನೆಂಟರಾಗಿ ಬಂದರು. ವೃತ್ತಿಪರರಿಗೆ ಕೊಟ್ಟದ್ದು ಮತ್ತೊಂದು 120 ಪೌಂಡ್‌ನ ಆಸುಪಾಸು. ಅವರು ಮೊದಲನೆಯ ಜೋಡಿಯೇ ಇರಬಹುದು ಎಂದು ಬರೆದರು. ಆ 'ಇರಬಹುದು' ಎಂಬುದಕ್ಕೆ ಆಧಾರ ಕೇಳಿದಾಗ ಉತ್ತರ ಬರಲಿಲ್ಲ.

ಕೊನೆಗೆ ಕೆಲಸಕ್ಕೆ ಬಂದದ್ದು ಎಲ್ಲರೂ ಹಣ ದಂಡವೆಂದು ನಕ್ಕ ದಾರಿ. ನಮ್ಮ ಪೂರ್ವಜನನ್ನು ಹುಡುಕುವುದನ್ನು ನಿಲ್ಲಿಸಿ, ಆ ಹೆಸರಿನವರೆಲ್ಲರನ್ನೂ ತೊಟ್ಟಿಲಿನಿಂದ ಗೋರಿಯವರೆಗೆ ಕರೆದೊಯ್ಯಲು ತೊಡಗಿದೆ. ಮೂರು ಜೋಡಿಗಳ ಎಲ್ಲ ಮಕ್ಕಳು, ಅಂದರೆ ಹೆಚ್ಚುಕಡಿಮೆ ಇಪ್ಪತ್ತೈದು ಮಂದಿ, ಪ್ರತಿಯೊಬ್ಬರಿಗೂ ಹಾಳೆಯಲ್ಲಿ ಒಂದು ಸಾಲು. ಪ್ರತಿ ಸಾಲಿಗೆ ಮದುವೆ, ಸಾವು, 1841ರಿಂದ ಪ್ರತಿ ಹತ್ತು ವರ್ಷದ ಜನಗಣತಿ. ಅಕ್ಕತಂಗಿಯರೇ ಇಲ್ಲಿ ನಿಜವಾದ ಗಣಿ. ಸ್ಕಾಟ್ಲೆಂಡಿನ ಮರಣ ದಾಖಲೆಯಲ್ಲಿ ತಂದೆತಾಯಿಯರ ಹೆಸರು ಇರುತ್ತದೆ, ತಾಯಿಯ ತವರಿನ ಹೆಸರೂ ಇರುತ್ತದೆ. ಮದುವೆಯಾದ ಹೆಣ್ಣು ಸೂಚಿಯಲ್ಲಿ ಎರಡೂ ಹೆಸರಿನಡಿ ಸಿಗುತ್ತಾಳೆ. ಜೇಮ್ಸ್ ಎಂಬ ಗಂಡಸಿನ ಸಾವನ್ನು ಹುಡುಕಿದರೆ ಹತ್ತಾರು ಮಂದಿ ಬರುತ್ತಾರೆ, ಆದರೆ ಅವನ ತಂಗಿ ಎಲ್ಸ್‌ಪೆತ್ ಸ್ಮಿತ್, ಗಂಡನ ಕಡೆ ಫ್ಲೆಟ್, ಎಂದು ಹುಡುಕಿದರೆ ಒಬ್ಬಳೋ ಇಬ್ಬರೋ ಮಾತ್ರ. ಎಲ್ಸ್‌ಪೆತ್ ಒಂದು ದಾಖಲೆಯಲ್ಲಿ ಎಲಿಜಬೆತ್ ಆಗಿ, ಇನ್ನೊಂದರಲ್ಲಿ ಇಸಬೆಲ್ಲಾ ಆಗಿ ಬರುವುದನ್ನೂ, ಜೆಸ್ಸಿ ಎಂದರೆ ಜಾನೆಟ್ ಆಗಿರುವುದನ್ನೂ ಬಲ್ಲವರಿಗೆ ನಾನು ವಿವರಿಸಬೇಕಾಗಿಲ್ಲ.

ಖರ್ಚಿನ ವಿಷಯದಲ್ಲಿ ಒಂದು ಮಾತು. ಸ್ಕಾಟ್ಲೆಂಡಿನ ಸರ್ಕಾರಿ ದಾಖಲೆಗಳ ಜಾಲತಾಣವಾದ ಸ್ಕಾಟ್ಲೆಂಡ್ಸ್‌ಪೀಪಲ್‌ನಲ್ಲಿ ದಾಖಲೆಯ ಒಂದು ಚಿತ್ರಕ್ಕೆ ಆರು ಕ್ರೆಡಿಟ್, ಅಂದರೆ ಒಂದೂವರೆ ಪೌಂಡ್, ಎಂಬ ಲೆಕ್ಕದಲ್ಲಿ ಮನೆಯಲ್ಲಿ ಕುಳಿತು ಕಂಡದ್ದನ್ನೆಲ್ಲ ತೆರೆಯುತ್ತಿದ್ದಾಗ ನೂರು ಪೌಂಡ್‌ನಷ್ಟು ಯಾವ ಫಲವೂ ಇಲ್ಲದೆ ಕರಗಿತು. ಎಡಿನ್‌ಬರೋದ ದಾಖಲೆಗಳ ಕಚೇರಿಯಾದ ಜನರಲ್ ರಿಜಿಸ್ಟರ್ ಹೌಸ್‌ನಲ್ಲಿ ನಾನು ಹೋಗುತ್ತಿದ್ದಾಗ ಸುಮಾರು 15 ಪೌಂಡ್ ಕೊಟ್ಟರೆ ದಿನವಿಡೀ ಎಷ್ಟು ಬೇಕಾದರೂ ನೋಡಬಹುದಿತ್ತು. ಮನೆಯಲ್ಲಿ ಸೂಚಿಯನ್ನು ಮಾತ್ರ ನೋಡಿ ಪಟ್ಟಿ ಸಿದ್ಧಪಡಿಸಿಕೊಂಡು, ಅಬರ್ಡೀನ್‌ನಿಂದ ಬೆಳಗಿನ ರೈಲಿಗೆ ಹೊರಟು, ಒಂದೇ ದಿನದಲ್ಲಿ ಅರವತ್ತು ಎಪ್ಪತ್ತು ನಮೂದುಗಳನ್ನು ನೋಡಿ ಮುಗಿಸಿದ್ದುಂಟು. ರೈಲಿನ ಖರ್ಚನ್ನೂ ಸೇರಿಸಿದರೆ ಈ ವಿಧಾನಕ್ಕೆ ಒಟ್ಟು ಇನ್ನೂರು ಪೌಂಡ್ ಮೀರಲಿಲ್ಲ, ಅದಕ್ಕೆ ಮುಂಚೆ ವ್ಯರ್ಥವಾದದ್ದು ಅದರ ಒಂದೂವರೆ ಪಟ್ಟಿಗಿಂತ ಹೆಚ್ಚು.

ಮೊದಲನೆಯ ಜೋಡಿಯ ಜೇಮ್ಸ್, ವೃತ್ತಿಪರರು ನಮ್ಮ ಕೊರಳಿಗೆ ಕಟ್ಟಿದವನು, 1850ರ ದಶಕದ ಕೊನೆಯಲ್ಲಿ ಮದುವೆಯಿಲ್ಲದೆ ಸತ್ತಿದ್ದ. ಮರಣದ ನಮೂದಿನಲ್ಲಿ ತಂದೆ, ತಾಯಿ, ಹೂಳಿದ ಸ್ಥಳ, ಎಲ್ಲವೂ ಇತ್ತು. ಎರಡನೆಯ ಜೋಡಿಯಲ್ಲಿ ತಂದೆ 1871ರ ಜನಗಣತಿಯಲ್ಲಿ ಇನ್ನೂ ದೋಣಿ ನಡೆಸುತ್ತಿದ್ದ, ಹಾಗಾಗಿ 1860ರ ದಶಕದ ಆರಂಭಕ್ಕೆ ಅವನು ಮೃತನಾಗಲಾರ. ಉಳಿದದ್ದು ಮೂರನೆಯ ಜೋಡಿ. ಆದರೆ ಇಬ್ಬರನ್ನು ಹೊರಹಾಕಿದ ಮಾತ್ರಕ್ಕೆ ಮೂರನೆಯವನು ನಮ್ಮವನಾಗುವುದಿಲ್ಲ, ಪುಸ್ತಕಕ್ಕೆ ಏರದ ನಾಲ್ಕನೆಯ ಜೋಡಿಯೊಂದು ಇದ್ದಿರಬಹುದು. 1843ರಲ್ಲಿ ಸ್ಕಾಟ್ಲೆಂಡಿನ ಚರ್ಚ್ ಒಡೆದು ಹುಟ್ಟಿದ ಫ್ರೀ ಚರ್ಚ್‌ಗೆ ಹೋದವರ ಮಕ್ಕಳು ಪ್ಯಾರಿಷ್ ಪುಸ್ತಕದಲ್ಲಿ ಕಾಣಿಸದಿರುವುದು ಸಾಮಾನ್ಯ. ನೇರವಾದ ಪುರಾವೆಯೇ ಬೇಕಾಗಿತ್ತು.

ಅದು ಸಿಕ್ಕಿದ್ದು 1855ರ ಪುಸ್ತಕದಲ್ಲಿ. ನಾಗರಿಕ ನೋಂದಣಿಯ ಆ ಮೊದಲ ವರ್ಷದಲ್ಲಿ ಮಾತ್ರ ಮರಣದ ನಮೂದಿನಲ್ಲಿ ಸತ್ತವರ ಎಲ್ಲ ಮಕ್ಕಳ ಹೆಸರನ್ನೂ ಹುಟ್ಟಿದ ಕ್ರಮದಲ್ಲಿ ವಯಸ್ಸಿನೊಂದಿಗೆ ಬರೆಯಬೇಕಾಗಿತ್ತು. ಅಧಿಕಾರಿಗಳಿಗೆ ಹೊರೆಯಾಯಿತೆಂದು ಮರುವರ್ಷವೇ ಅದನ್ನು ಕೈಬಿಟ್ಟರು. ಮೂರನೆಯ ಮನೆಯ ಅಜ್ಜ, ಅಂದರೆ ತಂದೆಯ ತಂದೆ, ಸತ್ತದ್ದು ಆ ವರ್ಷದಲ್ಲೇ. ಇಕ್ಕಟ್ಟಾದ ಆ ಕಲಂನಲ್ಲಿ ಅಧಿಕಾರಿ ಎಂಟೋ ಒಂಬತ್ತೋ ಹೆಸರುಗಳನ್ನು ಒಂದರ ಮೇಲೊಂದು ತುರುಕಿದ್ದ, ಕೆಳಗಿನ ಎರಡು ಹೆಸರುಗಳು ಗೆರೆಯನ್ನೇ ದಾಟಿ ಮುಂದಿನ ನಮೂದಿಗೆ ಇಳಿದಿದ್ದವು. ಮೂರನೆಯ ಸಾಲು: ಜೇಮ್ಸ್, ಮೃತ, 1848. ಇವನೇ ಮೂರನೆಯ ಜೋಡಿಯ ತಂದೆ. ಆ ವರ್ಷದ ಆಗಸ್ಟ್‌ನಲ್ಲಿ ಹೆರಿಂಗ್ ಮೀನಿನ ಹಂಗಾಮಿನ ನಡುವೆ ಎದ್ದ ಬಿರುಗಾಳಿಗೆ ವಿಕ್‌ನಿಂದ ಸ್ಟೋನ್‌ಹೇವನ್‌ವರೆಗಿನ ಕರಾವಳಿಯಲ್ಲಿ ನೂರರಷ್ಟು ಮೀನುಗಾರರು ಸತ್ತರು. ಈ ತಂದೆಯೂ ಅದರಲ್ಲೇ ಹೋದನೆಂದು ಹೇಳಲು ಕಾಗದವಿಲ್ಲ, ಆದ್ದರಿಂದ ನಾನು ಹಾಗೆ ಬರೆದುಕೊಂಡಿಲ್ಲ. ಅಜ್ಜನ ಹೆಸರಿನ ಪಕ್ಕದಲ್ಲಿದ್ದದ್ದು ಅದಕ್ಕಿಂತ ಮುಖ್ಯ: ಅಜ್ಜನಿಗೆ ಕೊಟ್ಟಿದ್ದ ಅಡ್ಡಹೆಸರೇ ನಮ್ಮ ಜೇಮ್ಸನಿಗೆ 1881ರ ಜನಗಣತಿಯಲ್ಲಿ ಇದೆ. 1851ರಲ್ಲಿ ಮೀನುಗಾರನ ವಿಧವೆಯಾಗಿ ಬರುವ ಇಸಬೆಲ್ಲಾಳ ಮನೆಯಲ್ಲಿ ಅವನು ಹತ್ತು ಹನ್ನೊಂದರ ಹುಡುಗ. ಆ ಅಡ್ಡಹೆಸರು ಸ್ವಲ್ಪ ಮುಜುಗರದ್ದಾದ್ದರಿಂದ ಮನೆಯವರು ಇಲ್ಲಿ ಬರೆಯಲು ಒಪ್ಪಲಿಲ್ಲ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಚರ್ಚಿನ ಕಿರ್ಕ್ ಸೆಷನ್ (ಊರಿನ ಚರ್ಚಿನ ಹಿರಿಯರ ಸಭೆ) ಪುಸ್ತಕಗಳು 2021ರಿಂದ ಆನ್‌ಲೈನಿನಲ್ಲಿ ಪುಕ್ಕಟೆಯಾಗಿ ನೋಡಲು ಸಿಗುತ್ತವೆ, ಆದರೆ ಹೆಸರಿನ ಸೂಚಿಯಿಲ್ಲ. ಎರಡು ಚಳಿಗಾಲದ ಸಂಜೆಗಳನ್ನು ಅವಕ್ಕೆ ಕೊಟ್ಟು, ಯಾರ ಯಾರ ವ್ಯಭಿಚಾರದ ವಿಚಾರಣೆಗಳನ್ನೋ ಓದಿ ಎದ್ದೆ, ಸ್ಮಿತ್‌ರ ಬಗ್ಗೆ ಒಂದು ಸಾಲೂ ದೊರೆಯಲಿಲ್ಲ. 1783ರಿಂದ 1794ರವರೆಗೆ ಪ್ರತಿ ನಮೂದಿಗೆ ಮೂರು ಪೆನ್ಸ್ ತೆರಿಗೆಯಿದ್ದಾಗ ಬಡವರು ನೋಂದಣಿಯನ್ನೇ ತಪ್ಪಿಸಿದರೆನ್ನುವುದನ್ನು ರಾತ್ವೆನ್‌ನಲ್ಲಿ ಎಣಿಸಿ ನೋಡಲು ಹೊರಟು ಅರ್ಧಕ್ಕೆ ಬಿಟ್ಟೆ. ಮನೆಗಳ ಒಡೆಯರು, ಬಾಡಿಗೆದಾರರು ಮತ್ತು ಬಾಡಿಗೆಯ ಪಟ್ಟಿಯಾದ ವ್ಯಾಲ್ಯುಯೇಷನ್ ರೋಲ್ ಮಾತ್ರ ಲಾಭ ತಂದಿತು: ಅಡ್ಡಹೆಸರಿನ ಜೊತೆಗೆ ಯಾರು ಯಾವ ಮನೆಯಲ್ಲಿದ್ದರು ಎಂಬುದು ಅದರಲ್ಲಿ ಸ್ಪಷ್ಟವಾಗಿದೆ. ಒಂದೇ ಬೀದಿಯ ಇಬ್ಬರು ಜೇಮ್ಸ್‌ರನ್ನು ಬಾಡಿಗೆಯ ಮೊತ್ತದಿಂದಲೇ ಬೇರ್ಪಡಿಸಿದ್ದೇನೆ.

ಹಾಳೆಯ ಸಾಲುಗಳನ್ನು ಯಾವ ಎರಡು ಕಲಂಗಳ ಮೇಲೆ ಜೋಡಿಸಿದರೆ ಸುಳ್ಳು ಜೋಡಿಗಳು ತಾವಾಗಿಯೇ ಮೇಲೆದ್ದು ಬರುತ್ತವೆ ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ, ಅದನ್ನು ಕಂಡುಕೊಳ್ಳಲು ನನಗೆ ಬಹಳ ಕಾಲ ಹಿಡಿದಿದೆ. ಸಾಕ್ಷಿದಾರರ ಹೆಸರನ್ನು ಮರೆಯದೆ ಬರೆದಿಟ್ಟುಕೊಳ್ಳಿ ಎಂದಷ್ಟೇ ಹೇಳುತ್ತೇನೆ. 1861ರ ನಂತರ ಹುಟ್ಟಿದ ಮಕ್ಕಳ ನಮೂದಿನಲ್ಲಿ ತಂದೆತಾಯಿಯರ ಮದುವೆಯ ದಿನಾಂಕವೂ ಊರೂ ಇರುವುದರಿಂದ ಮುಂದಿನ ತಲೆಮಾರಿನಲ್ಲಿ ಈ ಪೇಚಾಟವೇ ಇಲ್ಲ. ಹಿಂದಿನ ತಲೆಮಾರಿನಲ್ಲಿ ಇಸಬೆಲ್ಲಾಳ ತಂದೆ ಯಾರು ಎಂಬುದಕ್ಕೆ ಇಬ್ಬರು ಅಲೆಕ್ಸಾಂಡರ್ ಸ್ಮಿತ್‌ರಿದ್ದಾರೆ, ಒಬ್ಬ ಪೋರ್ಟೆಸ್ಸಿಯವನು, ಇನ್ನೊಬ್ಬ ಬಕಿಯ ಪಶ್ಚಿಮ ತುದಿಯವನು. ಸೋದರಮಾವ ಪೋರ್ಟೆಸ್ಸಿಯವನೇ ಎಂದು ಹತ್ತು ಪೌಂಡ್ ಪಂಥ ಕಟ್ಟಿದ್ದಾರೆ. ನನ್ನ ಪಟ್ಟಿಯಲ್ಲಿ ಇನ್ನೂ ಹದಿನೈದು ಇಪ್ಪತ್ತು ನಮೂದುಗಳನ್ನು ತೆರೆದು ನೋಡುವುದು ಬಾಕಿಯಿದೆ.